1857ಕ್ಕೆ ನಿಂತುಹೋದ ಚರಿತ್ರೆ

ಬೆಂಗಳೂರಿನ ನಮ್ಮ ಬಡಾವಣೆ ಹೊಸ ತಿಪ್ಪಸಂದ್ರದ ಹೆಸರಿನೊಳಗೆ ಒಂದು ಕೆರೆ ಇದೆ. ‘ಸಂದ್ರ’ ಎಂದರೆ ಸಮುದ್ರ. ಹಿರಿಯರು ಕೆರೆಯನ್ನು ಕರೆಯುತ್ತಿದ್ದದ್ದೇ ಹಾಗೆ. ಮಾರುಕಟ್ಟೆ ರಸ್ತೆಯ ಗದ್ದಲ ದಾಟಿ ಬಿಇಎಂಎಲ್ ಗೇಟಿನ ಕಡೆ ನಡೆಯುವಾಗೆಲ್ಲ, ಅಂಥ ಕೆರೆಗಳಿಗೆ ಮಣ್ಣು ಹೊತ್ತವರು ಯಾರು ಎಂದು ಕೇಳಿಕೊಳ್ಳುತ್ತೇನೆ. ಹಾಗೆ ಕೇಳಲು ನನಗೆ ಕಲಿಸಿದ್ದು ‘ಸಾಕಿ’ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬಂದ ‘ಮೇಕಿಂಗ್ ಹಿಸ್ಟರಿ’. ಕರ್ನಾಟಕದ ಚರಿತ್ರೆಯನ್ನು ಅರಮನೆಯಿಂದಲ್ಲ, ಹೊಲ ಮತ್ತು ಮಗ್ಗದಿಂದ ನೋಡುವ ಎರಡು ಸಂಪುಟಗಳವು. ಬರೆದವರು ಸಾಕೇತ್ ರಾಜನ್. ಕಾಡಿನಲ್ಲಿ ‘ಪ್ರೇಮ್’ ಎಂಬ ಹೆಸರಿದ್ದ, ರಾಜ್ಯದ ಮಾವೋವಾದಿಗಳ ನಾಯಕ.

ಮೈಸೂರಿನ ಸೇನಾಧಿಕಾರಿಯೊಬ್ಬರ ಮಗ ಸಾಕೇತ್, ದೆಹಲಿಯಲ್ಲಿ ಪತ್ರಿಕೋದ್ಯಮ ಓದಿದವರು. ನೌಕರಿ ಹಿಡಿದು ನೆಮ್ಮದಿಯಾಗಿರಬಹುದಿತ್ತು. ಭೂಗತ ಬದುಕನ್ನು ಆರಿಸಿಕೊಂಡರು. ಅದೇ ಹಾದಿ ಹಿಡಿದಿದ್ದ ಪತ್ನಿ ರಾಜೇಶ್ವರಿ 2001ರಲ್ಲಿ ಆಂಧ್ರದಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು.

ಮಲೆನಾಡಿನಲ್ಲಿ ಆಗ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಆತಂಕ. 1987ರಲ್ಲಿ ಶುರುವಾದ ಪ್ರಕ್ರಿಯೆ 2001ರಲ್ಲಿ ಅಂತಿಮ ಅಧಿಸೂಚನೆಯಾದಾಗ, ತಲೆಮಾರುಗಳಿಂದ ಅಲ್ಲೇ ಬಾಳಿದ ಮಲೆಕುಡಿಯರು, ಗೌಡಲು ಜನ ಒಕ್ಕಲೆಬ್ಬಿಸುವ ಭಯಕ್ಕೆ ಸಿಕ್ಕರು. ಹಕ್ಕುಪತ್ರ ಕೇಳಿದವರ ನಡುವೆ ಬಂದೂಕು ಬಂತು. 2003ರ ನವೆಂಬರಿನಲ್ಲಿ ಕಾರ್ಕಳ ಬಳಿಯ ಈದುವಿನಲ್ಲಿ ಪಾರ್ವತಿ, ಹಾಜಿಮಾ ಎಂಬ ಮಾವೋವಾದಿ ಯುವತಿಯರು ಪೊಲೀಸರ ಗುಂಡೇಟಿಗೆ ಸತ್ತರು. ಮರುವರ್ಷ ಪತ್ರಕರ್ತೆ ಗೌರಿ ಲಂಕೇಶ್ ಕಾಡಿಗೆ ಹೋಗಿ ಸಾಕೇತ್‌ರನ್ನು ಕಂಡು ಬಂದರು. ಮಾತುಕತೆ ನಡೆಯಲಿ ಎಂದು ನಾಗರಿಕರು ಓಡಾಡಿದರು.

ಮಾತು ಕೂಡಿಬರಲಿಲ್ಲ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಳ್ಳಿಗೆ ಬಳಿ ಸಾಕೇತ್, ಸಂಗಾತಿ ಶಿವಲಿಂಗು ಇಬ್ಬರೂ ಪೊಲೀಸರ ಗುಂಡಿಗೆ ಬಿದ್ದರು. ವಾರವೂ ಕಳೆಯಲಿಲ್ಲ, ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ಮಾವೋವಾದಿಗಳು ರಾತ್ರಿ ದಾಳಿ ಮಾಡಿದರು. ಸತ್ತ ಪೊಲೀಸರೂ ಹೊಲದಿಂದ, ಹಟ್ಟಿಯಿಂದ ಬಂದವರ ಮಕ್ಕಳೇ. ಯಾರ ಚರಿತ್ರೆ ಬರೆಯಲು ಸಾಕೇತ್ ಹೊರಟಿದ್ದರೋ ಅವರ ಮನೆಯಲ್ಲೇ ಸಾವಿನ ಸೂತಕ.

ಅದೇ ವರ್ಷ ಜುಲೈ 28ರಂದು, ದೂರದ ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐರಿಶ್ ರಿಪಬ್ಲಿಕನ್ ಸೇನೆ ಸಶಸ್ತ್ರ ಹೋರಾಟ ಮುಗಿಯಿತೆಂದು ಸಾರಿತು. ಮೂರು ದಶಕಗಳಲ್ಲಿ 3,500ಕ್ಕೂ ಹೆಚ್ಚು ಜೀವ ಹೋದ ಮೇಲೆ ಅಲ್ಲಿಗೆ ದಾರಿ ತೆರೆದದ್ದು 1998ರ ಶಾಂತಿ ಒಪ್ಪಂದ: ಕೊಂದವರೂ ಕಳೆದುಕೊಂಡವರೂ ಎದುರುಬದುರು ಕೂತು ಆಡಿದ ಮಾತು. ನಮ್ಮಲ್ಲಿ ಬಂದೂಕು ಕೆಳಗಿಡುವ ಗಳಿಗೆ ಬರಲು ಇನ್ನೂ 20 ವರ್ಷ ಬೇಕಾಯಿತು. 2024ರ ನವೆಂಬರಿನಲ್ಲಿ ಹೆಬ್ರಿಯ ಕಾಡಿನಲ್ಲಿ ಮಾವೋವಾದಿ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಹತರಾದರು; 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಾವೋವಾದಿಗಳು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು.

ಸಾಕೇತ್‌ರ ಎರಡನೇ ಸಂಪುಟ 1857ಕ್ಕೆ ನಿಲ್ಲುತ್ತದೆ. ನಮ್ಮ ಬಡಾವಣೆಯ ಸರದಿ ಬರುವುದು ಆಮೇಲೆ. 1980ರ ಡಿಸೆಂಬರಿನಿಂದ ಎಚ್‌ಎಎಲ್, ಬಿಇಎಂಎಲ್ ಮೊದಲಾದ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಕೈಯಲ್ಲಿ ಬಾವುಟವಿತ್ತು, ಬಂದೂಕಿರಲಿಲ್ಲ. ಆ ಪುಟಗಳನ್ನು ಬರೆಯಬಲ್ಲ ಕೈ ಸಾಕೇತ್‌ರದ್ದಾಗಿತ್ತು. ಪೊಲೀಸರ ಗುಂಡು ಅದನ್ನು ನಿಲ್ಲಿಸಿತು. ಅದಕ್ಕೂ ಮೊದಲೇ ಆ ಕೈ ಕೋವಿ ಹಿಡಿದಿತ್ತು. ಎರಡಕ್ಕೂ ನಾನು ಮರುಗುತ್ತೇನೆ.