ಸುಳ್ಳು ಸನ್ಯಾಸಿಗೆ ಗುರ್ಲಹೊಸೂರಿನ ರಾಗ

ಬೆಳಗಾವಿಯ ಉದ್ಯಮಬಾಗದ ಲೇಥ್, ಫೌಂಡ್ರಿಗಳ ಸದ್ದಿಗೆ ಕಿವಿ ಒಗ್ಗಿದವರಿಗೆ ಕಿರ್ಲೋಸ್ಕರ ಅಂದರೆ ಪಂಪು, ಕಬ್ಬಿಣದ ನೇಗಿಲು. 1888ರಲ್ಲಿ ಇಲ್ಲಿ ಸೈಕಲ್ ಅಂಗಡಿ ತೆರೆದ ಲಕ್ಷ್ಮಣರಾಯರ ನೆನಪು ಇನ್ನೂ ಹಸಿರಾಗಿದೆ. ಅವರಿಗಿಂತ ಮೊದಲೇ, ಅವರ ಊರಾದ ಗುರ್ಲಹೊಸೂರಿನವರೇ ಆದ ಇನ್ನೊಬ್ಬ ಕಿರ್ಲೋಸ್ಕರರು ಈ ಊರಲ್ಲಿ ಮಾಸ್ತರಿಕೆ ಮಾಡಿದ್ದರು. ಹೆಸರು ಬಳವಂತ ಪಾಂಡುರಂಗ; ಜನ ಕರೆದದ್ದು ಅಣ್ಣಾಸಾಹೇಬ. ಮರಾಠಿ ರಂಗಭೂಮಿಯ ಕಣ್ಮಣಿ ‘ಸಂಗೀತ ಸೌಭದ್ರ’ ಅವರದೇ.

ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹಾಯ್ದು ಹೋಗುವ ಸವದತ್ತಿ ಸೀಮೆಯಲ್ಲಿ, 1843ರಲ್ಲಿ ಅವರ ಜನನ. ಓದಿನ ಕೆಲವು ವರ್ಷಗಳು ಧಾರವಾಡದಲ್ಲಿ. ಶ್ರೀಕೃಷ್ಣ ಪಾರಿಜಾತದ ಆಟದ ಪದಗಳು ರಾತ್ರಿಯಿಡೀ ಕೇಳುತ್ತಿದ್ದ ನಾಡದು. ಮುಂದೆ ಪುಣೆಯಲ್ಲಿ ಪಾರಸಿ ಕಂಪನಿಯವರ ಹಾಡುನಾಟಕ ಕಂಡಾಗ, ಇಂಥದ್ದು ನಮ್ಮಲ್ಲೂ ಯಾಕಾಗಬಾರದು ಅನ್ನಿಸಿತು. 1880ರಲ್ಲಿ ಅವರ ‘ಶಾಕುಂತಲ’ ರಂಗಕ್ಕೆ ಬಂತು. ಅಲ್ಲಿಯವರೆಗೆ ಎಲ್ಲರ ಹಾಡನ್ನೂ ಸೂತ್ರಧಾರನೇ ಹಾಡುತ್ತಿದ್ದ. ಅಣ್ಣಾಸಾಹೇಬರು ಹಾಡನ್ನು ಪಾತ್ರಗಳ ಬಾಯಿಗೇ ಕೊಟ್ಟರು.

ಎರಡು ವರ್ಷ ಕಳೆದು, 1882ರ ನವೆಂಬರಿನಲ್ಲಿ, ಪುಣೆಯಲ್ಲೇ ‘ಸೌಭದ್ರ’ದ ಮೊದಲ ಮೂರು ಅಂಕ. ಕಥೆ ನಮ್ಮ ಯಕ್ಷಗಾನದ ಸುಭದ್ರಾ ಕಲ್ಯಾಣದ್ದೇ. ಬಲರಾಮ ತಂಗಿ ಸುಭದ್ರೆಯನ್ನು ದುರ್ಯೋಧನನಿಗೆ ಕೊಡಲು ಹೊರಟಿದ್ದಾನೆ. ಕೃಷ್ಣ ಅಣ್ಣನ ಮಾತಿಗೆ ತಲೆಯಾಡಿಸುತ್ತಲೇ ಒಳಗೊಳಗೆ ಬೇರೆ ಹೂಟ ಹೂಡುತ್ತಾನೆ. ಅರ್ಜುನ ಕಾವಿ ಉಟ್ಟು ಯತಿಯಾಗುತ್ತಾನೆ. ಪಾಪ, ಬಲರಾಮನೇ ಭಕ್ತಿಯಿಂದ ಅವನನ್ನು ಮನೆಗೆ ಕರೆತಂದು, ಸೇವೆಗೆ ತಂಗಿಯನ್ನೇ ನಿಲ್ಲಿಸುತ್ತಾನೆ! ಅವಳ ಮನಸ್ಸಿನಲ್ಲಿ ಅರ್ಜುನ, ಕಣ್ಣೆದುರು ಯತಿ. ಇಬ್ಬರೂ ಒಬ್ಬನೇ ಅನ್ನುವುದು ಪ್ರೇಕ್ಷಕರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವನಿಗೋ ಬಾಯಿಬಿಟ್ಟರೆ ವೇಷ ಕಳಚೀತೆಂಬ ಅಂಜಿಕೆ. ಈ ನಾಟಕದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಇಲ್ಲಿ ಯಾರ ಕಪಟದಲ್ಲೂ ವಿಷವಿಲ್ಲ. ದೇವರು ದಿಂಡರು ಮನೆಮಂದಿಯಾಗಿ, ಒಬ್ಬರ ಕಣ್ಣಿಗೊಬ್ಬರು ಮಣ್ಣೆರಚುತ್ತ ಒಂದು ಮದುವೆ ಮಾಡಿ ಮುಗಿಸುತ್ತಾರೆ. ಭಾವುರಾವ್ ಕೊಲ್ಹಟಕರರು ಸುಭದ್ರೆಯಾಗಿ ಹಾಡಿ ಮನೆಮಾತಾದರು. ಮುಂದಿನ ತಲೆಮಾರಿಗೆ ಬಾಲಗಂಧರ್ವರೇ ಸುಭದ್ರೆ.

ಬೆಳಗಾವಿಯಲ್ಲಿ ಅಣ್ಣಾಸಾಹೇಬರ ಕೈಯಲ್ಲಿ ಕಲಿತ ಗೋವಿಂದ ಬಲ್ಲಾಳ ದೇವಲ್ ಇದೇ ದಾರಿ ಹಿಡಿದರು. ಅವರ ‘ಸಂಶಯಕಲ್ಲೋಳ’ದ ಬೇರು ಫ್ರಾನ್ಸಿನ ಮೋಲಿಯೇರನಲ್ಲಿದೆ. ಅಲ್ಲಿ ವೇಷದ ಬದಲು ಸಂಶಯ; ಒಂದು ಭಾವಚಿತ್ರ ಕೈ ತಪ್ಪಿ ಎರಡು ಜೋಡಿಗಳ ನಿದ್ದೆ ಕೆಡಿಸುತ್ತದೆ. ಸಂಗೀತ ನಾಟಕವಾಗಿ ಅದು ರಂಗಕ್ಕೆ ಬಂದದ್ದು 1916ರಲ್ಲಿ, ದೇವಲ್ ತೀರಿಕೊಂಡ ವರ್ಷವೇ.

‘ಸೌಭದ್ರ’ವನ್ನು ಮರಾಠಿಯವರದೆಂದು ದೂರ ಇಟ್ಟ ಕನ್ನಡಿಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಾತು ಮರಾಠಿ, ನಿಜ. ಆದರೆ ಅಣ್ಣಾಸಾಹೇಬರು ಹಾಡಿಗೆ ಧಾಟಿ ಹುಡುಕುವಾಗ ತಾವು ಕೇಳಿ ಬೆಳೆದ ಕನ್ನಡ ಪದಗಳ ಮಟ್ಟುಗಳನ್ನೂ ಎತ್ತಿಕೊಂಡರು. ಮೂರನೆಯ ಸಂಗೀತ ನಾಟಕ ‘ರಾಮರಾಜ್ಯವಿಯೋಗ’ ಅರ್ಧಕ್ಕೇ ನಿಂತಿತು. 1885ರ ನವೆಂಬರಿನಲ್ಲಿ, ನಲವತ್ತೆರಡರ ಪ್ರಾಯದಲ್ಲಿ, ಅವರು ಕಣ್ಣು ಮುಚ್ಚಿದ್ದು ಹುಟ್ಟೂರು ಗುರ್ಲಹೊಸೂರಿನಲ್ಲೇ.