ಅರ್ಧಕ್ಕೆ ನಿಲ್ಲಬಾರದ ಲೆಕ್ಕ

ಗೋವೆಯ ವಾಸ್ಕೋ, ಮಡಗಾಂವ್‌ಗಳಲ್ಲಿ ಉತ್ತರ ಕರ್ನಾಟಕದಿಂದ ಹೋಗಿ ದುಡಿಯುವ ಕನ್ನಡಿಗರು ಅನೇಕರಿದ್ದಾರೆ. ಹಿಂದೆ ಅವರ ದುಡಿಮೆಯ ಹಣ ಮನಿಯಾರ್ಡರಿನಲ್ಲಿ ಊರು ತಲಪುತ್ತಿತ್ತು. ಈಗ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ತಲಪುತ್ತದೆ. ಆ ಒಂದು ಕ್ಷಣದೊಳಗೆ ನಡೆಯುವುದೇನು?

ವಾಸ್ಕೋದ ಕೂಲಿಕಾರನೊಬ್ಬ ಗದಗದಲ್ಲಿರುವ ತಾಯಿಗೆ 2000 ರೂಪಾಯಿ ಕಳುಹಿಸುತ್ತಾನೆ ಎಂದಿಟ್ಟುಕೊಳ್ಳೋಣ. ಇಬ್ಬರ ಖಾತೆಯೂ ಒಂದೇ ಬ್ಯಾಂಕಿನಲ್ಲಿದೆ. ಕಂಪ್ಯೂಟರಿಗೆ ಕೆಲಸ ಎರಡು: ಮಗನ ಖಾತೆಯಿಂದ ಕಳೆಯುವುದು, ತಾಯಿಯ ಖಾತೆಗೆ ಕೂಡಿಸುವುದು. ಕಳೆದಾದ ಮೇಲೆ, ಕೂಡಿಸುವ ಮೊದಲೇ ಯಂತ್ರ ಕೆಟ್ಟು ನಿಂತರೆ ಹಣ ಇಬ್ಬರಿಗೂ ಇಲ್ಲ! ಈ ಅನರ್ಥವನ್ನು ತಡೆಯಲು ಎರಡು ಕೆಲಸಗಳನ್ನೂ ಒಂದೇ ಗಂಟಾಗಿ ಕಟ್ಟುತ್ತಾರೆ. ಇದಕ್ಕೆ ‘ಟ್ರಾನ್ಸಾಕ್ಷನ್’ ಎಂದು ಹೆಸರು. ಆದರೆ ಎರಡೂ ಆಗಬೇಕು. ಇಲ್ಲವಾದರೆ ಒಂದೂ ಆಗಬಾರದು.

ನಮ್ಮ ವ್ಯಾಪಾರಿಗಳು ಮೊದಲು ಕಿರ್ದಿಯಲ್ಲಿ ಬರೆದು, ಆಮೇಲೆ ಖಾತೆಗೆ ಏರಿಸುವುದನ್ನು ವಾಚಕರು ಬಲ್ಲರು. ಕಂಪ್ಯೂಟರಿನದೂ ಅದೇ ಕ್ರಮ. ಮಾಡಲಿರುವ ಬದಲಾವಣೆಗಳನ್ನು ಮೊದಲು ದಿನಚರಿಯಲ್ಲಿ ಗುರುತಿಸಿಕೊಳ್ಳುತ್ತದೆ. ಕೆಟ್ಟುನಿಂತ ಯಂತ್ರ ಮತ್ತೆ ಎಚ್ಚೆತ್ತಾಗ ಈ ದಿನಚರಿಯನ್ನು ನೋಡಿ, ‘ಮುಗಿಯಿತು’ ಎಂಬ ಗುರುತಿದ್ದ ವ್ಯವಹಾರವನ್ನು ಉಳಿಸುತ್ತದೆ, ಗುರುತಿಲ್ಲದ್ದನ್ನು ಅಳಿಸಿ ಹಳೆಯ ಲೆಕ್ಕಕ್ಕೆ ಮರಳುತ್ತದೆ. ಈ ವಿಷಯದಲ್ಲಿ ಬುನಾದಿಯ ಕೆಲಸ ಮಾಡಿದ ಅಮೆರಿಕದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಇನ್ನೊಂದು ತೊಡಕುಂಟು. ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಒಂದೇ ಬರ್ತು ಉಳಿದಿದೆ; ಮಡಗಾಂವ್‌ನಲ್ಲೊಬ್ಬರು, ಕಾಸರಗೋಡಿನಲ್ಲೊಬ್ಬರು ಏಕಕಾಲಕ್ಕೆ ಅದನ್ನೇ ಕೇಳುತ್ತಾರೆ. ಇಬ್ಬರಿಗೂ ಕೊಟ್ಟರೆ ರೈಲಿನಲ್ಲಿ ಜಗಳವೇ ಸರಿ. ಆದುದರಿಂದ ಒಬ್ಬರ ವ್ಯವಹಾರ ಇತ್ಯರ್ಥವಾಗುವ ತನಕ ಇನ್ನೊಬ್ಬರದನ್ನು ಕಾಯಿಸಬೇಕು.

ಮಗನದೊಂದು ಬ್ಯಾಂಕು, ತಾಯಿಯದು ಇನ್ನೊಂದಾದರೆ ಮಾತ್ರ ಕಷ್ಟ ಹೆಚ್ಚು. ಅಲ್ಲಿ ಲೆಕ್ಕದ ಪುಸ್ತಕಗಳೇ ಬೇರೆ ಬೇರೆ. ನಡುವಿನ ಸಂಪರ್ಕ ಕಡಿದರೆ ಒಂದರ ಸ್ಥಿತಿ ಇನ್ನೊಂದಕ್ಕೆ ತಿಳಿಯದು. ಯಂತ್ರದ ಶಿಸ್ತಿಗೆ ಕಾನೂನಿನ ಆಸರೆ ಬೇಕಾಗುವುದು ಇಲ್ಲಿಯೇ. ಯುಪಿಐ ಮೂಲಕ ಕಳುಹಿಸಿದ ಹಣ ಕಡಿತವಾಗಿಯೂ ಎದುರಿನವರ ಖಾತೆಗೆ ಜಮೆಯಾಗದಿದ್ದರೆ ಮರುದಿನದೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನವೊಂದಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಎಟಿಎಂನಲ್ಲಿ ಕಡಿತವಾಗಿ ಕೈಗೆ ಬಾರದ ಹಣಕ್ಕೆ ಐದು ದಿನಗಳ ಗಡು. ಈ ಪರಿಹಾರಕ್ಕೆ ಗ್ರಾಹಕರು ದೂರು ಕೊಡುವವರೆಗೆ ಬ್ಯಾಂಕು ಕಾಯಬಾರದೆಂದೂ ಅದರಲ್ಲಿದೆ.

ಇದನ್ನು ಅರಿಯದೆ ಗಾಬರಿಯಿಂದ ಎರಡನೆಯ ಸಲ ಹಣ ಕಳುಹಿಸಿ ಪೇಚಾಡುವವರಿದ್ದಾರೆ. ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಬ್ಯಾಂಕಿನಲ್ಲಿ ವಿಚಾರಿಸುವುದು ಲೇಸು. ದಿನಗೂಲಿಯವನಿಗೆ 2000 ರೂಪಾಯಿ ಎಂದರೆ ಹಲವು ದಿನಗಳ ಬೆವರು. ಅದು ಒಂದೋ ತಾಯಿಯ ಕೈ ಸೇರಬೇಕು, ಇಲ್ಲವೇ ಅವನಲ್ಲೇ ಉಳಿಯಬೇಕು.