ಎಲೆ ಬಂತು, ಬೇರು ಬರಲಿಲ್ಲ

ಹುನಗುಂದದ ಆಯಿಯ ಮನೆ ಮಾರಿಯಾಯ್ತು, ಸಂಕ್ರಾಂತಿ ಮುಗಿದ ಮೇಲೆ ಕೆಡವ್ತಾರೆ ಅಂತ ಮಾಮಾ ಫೋನಿನಲ್ಲಿ ಹೇಳಿದಾಗ ನಾನು ಬೆಂಗಳೂರಿನಲ್ಲಿದ್ದೆ. ಸಂಜೆ ಆಯಿಗೆ ಫೋನ್ ಮಾಡಿದರೆ ಆಕೆ ಮನೆಯ ಮಾತೇ ಎತ್ತಲಿಲ್ಲ. "ಹಿತ್ತಲದಾಗಿನ ದ್ರಾಕ್ಷಿ ಬಳ್ಳಿ ಏನ್ ಮಾಡ್ತೀರೋ ತಮ್ಮಾ?" ಅಂತ ಮಾತ್ರ ಕೇಳಿದಳು.

ಅದು ಅಜ್ಜ ಹಚ್ಚಿದ ಬಳ್ಳಿ. ಬೀಜ ಇರುವ ಕರಿ ದ್ರಾಕ್ಷಿ, ಸ್ವಲ್ಪ ಹುಳಿ. ತಳಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಹಾಗಾಗಿ ನರ್ಸರಿಗೆ ಹೋಗಿ ಇನ್ನೊಂದು ತರುವ ಮಾತೇ ಇಲ್ಲ. ಬೀಜ ಹಾಕಿದರೆ ಅದೇ ಹಣ್ಣು ಬರುವ ಖಾತ್ರಿಯೂ ಇಲ್ಲ. ಕಡ್ಡಿಯಿಂದಲೇ ಸಸಿ ಮಾಡಬೇಕು.

ವರ್ಕ್ ಫ್ರಮ್ ಹೋಮ್ ತಗೊಂಡು ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಬಂದೆ. ಆಗ ಅಕ್ಟೋಬರ್, ನಮ್ಮ ಕಡೆ ದ್ರಾಕ್ಷಿ ಚಾಟ್ನಿಯ ಸಮಯ. ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ 30 ಕಡ್ಡಿ ಕತ್ತರಿಸಿದೆ. ಒಂದೊಂದರಲ್ಲಿ ನಾಲ್ಕು ಕಣ್ಣು. ಕೆಳಗೆ ಗೆಣ್ಣಿನ ಬುಡಕ್ಕೆ ನೇರ ಕತ್ತರಿ, ಮೇಲೆ ಓರೆ ಕತ್ತರಿ; ತಲೆಕೆಳಗಾಗಿ ಊರಬಾರದು ಅಂತ ಈ ಗುರುತು. ಹುನಗುಂದದ್ದೇ ಎರಿ ಮಣ್ಣನ್ನು ಚೀಲಕ್ಕೆ ತುಂಬಿ ನೆಟ್ಟೆ. ಅಜ್ಜನ ಬಳ್ಳಿ ಅದೇ ಮಣ್ಣಿನಲ್ಲಿ ಬೆಳೆದಿತ್ತಲ್ಲ!

ಎರಡು ವಾರದಲ್ಲಿ ಕಣ್ಣೊಡೆದು ಎಲೆ ಬಂತು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿ ಶಹಬ್ಬಾಸ್ ಅನ್ನಿಸಿಕೊಂಡೆ. ನವೆಂಬರ್ ಮಧ್ಯಕ್ಕೆ ಎಲೆಗಳೆಲ್ಲ ಜೋಲು ಬಿದ್ದವು. ಒಂದು ಕಡ್ಡಿ ಎಳೆದರೆ ಸಲೀಸಾಗಿ ಕೈಗೆ ಬಂತು. ಬುಡ ಕಪ್ಪಾಗಿತ್ತು, ಒಂದು ಎಳೆ ಬೇರೂ ಇರಲಿಲ್ಲ. 30ಕ್ಕೆ 30 ಹೋದವು. ಗ್ರೂಪಿಗೆ ಆ ಫೋಟೊ ಹಾಕಲಿಲ್ಲ.

ಆದದ್ದಿಷ್ಟು. ಕಡ್ಡಿಯೊಳಗೆ ಕೂಡಿಟ್ಟ ಪಿಷ್ಟ ಇರುತ್ತದೆ, ಅದರ ಬಲದ ಮೇಲೆ ಎಲೆ ಬರುತ್ತದೆ. ಎಲೆ ಬಂತು ಅಂದ ಮಾತ್ರಕ್ಕೆ ಬೇರು ಬಂದಿದೆ ಅಂತ ಅರ್ಥವಲ್ಲ. ಎಲೆ ನೀರು ಕೇಳುವ ಹೊತ್ತಿಗೆ ಬೇರು ಬಂದಿರದಿದ್ದರೆ ಕಥೆ ಮುಗಿಯಿತು. ಬೇರು ಒಡೆಯಲು ಬುಡಕ್ಕೆ ತೇವದಷ್ಟೇ ಗಾಳಿಯೂ ಬೇಕು. ಎರಿ ಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಬಿದ್ದರೆ ಉಬ್ಬಿ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರಿಯುತ್ತದೆ. ಹೊಲದಲ್ಲಿ ಬೇರಿರುವ ಗಿಡಕ್ಕೆ ಅದು ಬಂಗಾರದಂಥ ಮಣ್ಣು, ಬೇರಿಲ್ಲದ ಕಡ್ಡಿಗೆ ಚೀಲದಲ್ಲಿ ಉಸಿರು ಕಟ್ಟಿಸುವ ಕೆಸರು.

ಇನ್ನು ಬಳ್ಳಿಯಲ್ಲಿ ಉಳಿದಿದ್ದ ಒಳ್ಳೆ ಕಡ್ಡಿಗಳು 45 ಮಾತ್ರ. ಇಳಕಲ್ಲಿನ ಮಾಮಾ ಗ್ರಾನೈಟ್ ಪುಡಿ ಕೊಡಲು ಮುಂದಾದರು. "ಪುಕ್ಕಟೆ ಸಿಗತೈತಿ, ಉಸುಕಿನಂಗ ಐತಿ" ಅಂದರು. ನೀರಲ್ಲಿ ಕಲಸಿ ಒಣಗಿಸಿ ನೋಡಿದೆ, ಬಿಲ್ಲೆ ಕಟ್ಟಿತು. ನುಣುಪು ಪುಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಬೇಕಾದದ್ದು ಸಂದು ಉಳಿಸುವ ದಪ್ಪ ಉಸುಕು. ಬಾದಾಮಿಯಲ್ಲಿ ಗೆಳೆಯನ ಮನೆ ಕಟ್ಟಿ ಉಳಿದಿದ್ದ ಉಸುಕು ಎರಡು ಚೀಲ ತಂದು, ಜರಡಿ ಹಿಡಿದು, ಬಸಿದ ನೀರು ತಿಳಿಯಾಗುವವರೆಗೂ ತೊಳೆದೆ.

ಈ ಸಲ ಮೂರು ಗುಂಪು, ತಲಾ 15 ಕಡ್ಡಿ. ಎಂಜಿನಿಯರ್ ಬುದ್ಧಿ, ಏನು ಮಾಡೋದು. ಮೊದಲನೆಯದು ಬರೀ ಉಸುಕು. ಎರಡನೆಯದು ಅರ್ಧ ಉಸುಕು, ಅರ್ಧ ಕೋಕೋಪೀಟ್. ಮೂರನೆಯದು ಮಸಾರಿ ಮಣ್ಣು, ಉಸುಕು, ಹಳೇ ತಿಪ್ಪಿಗೊಬ್ಬರ ಸಮಪಾಲು. ನರ್ಸರಿಗಳಲ್ಲಿ ಸಾಮಾನ್ಯವಾಗಿ ತುಂಬುವ ಅಗ್ಗದ ಮಿಶ್ರಣ. ಪರ್ಲೈಟ್ ಚೊಲೋ ಅಂತ ಓದಿದ್ದೆ, ರೇಟು ನೋಡಿ ಕೈಬಿಟ್ಟೆ.

ಕೋಕೋಪೀಟ್ ತರುವವರು ಒಂದು ವಿಷಯ ನೆನಪಿಡಿ. ಅದರಲ್ಲಿ ಉಪ್ಪಿರಬಹುದು. ಇಟ್ಟಿಗೆಯನ್ನು ನೆನೆಸಿ ಎರಡು ಮೂರು ಸಲ ನೀರು ಬಸಿದು ತೆಗೆಯಬೇಕು. ನಮ್ಮ ಬೋರಿನ ನೀರೇ ಸವಳು, ಅದರಲ್ಲಿ ತೊಳೆದರೆ ಉಪ್ಪಿಗೆ ಉಪ್ಪು ಸೇರಿಸಿದ ಹಾಗೆ. ನಾನು ಕುಡಿಯುವ ನೀರಿನ ಕ್ಯಾನ್ ತಂದು ತೊಳೆದೆ, ಅವ್ವ ಬೈದಳು. ಇಲ್ಲಿನ ದ್ರಾಕ್ಷಿ ಬೆಳೆಗಾರರು ಟೆಕ್ಸಾಸ್ ಮೂಲದ ಡಾಗ್‌ರಿಡ್ಜ್ ಬೇರುಕಾಂಡ ನೆಟ್ಟು ಅದರ ಮೇಲೆ ಥಾಮ್ಸನ್ ಸೀಡ್‌ಲೆಸ್ ಕಸಿ ಕಟ್ಟುವುದಕ್ಕೆ ಈ ಸವಳು ಮತ್ತು ನೀರಿನ ಕೊರತೆಯೇ ಮುಖ್ಯ ಕಾರಣ. ತೇವ ಎಷ್ಟಿರಬೇಕು ಅಂದರೆ, ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದಾಗ ಒಂದೆರಡು ಹನಿ ಬಂದರೆ ಸರಿ. ಧಾರೆ ಇಳಿದರೆ ಹೆಚ್ಚಾಯ್ತು.

ಬುಡಗಳನ್ನು ಐಬಿಎ ಹಾರ್ಮೋನ್ ಪುಡಿಯಲ್ಲಿ ಅದ್ದಿ, ಡಿಸೆಂಬರ್ ಮೊದಲ ವಾರ ನೆಟ್ಟೆ. ಚಳಿ ಶುರುವಾಗಿತ್ತು. ಬುಡ 25 ಡಿಗ್ರಿ ಆಸುಪಾಸು ಬೆಚ್ಚಗಿದ್ದು ತಲೆ ತಂಪಾಗಿದ್ದರೆ ಎಲೆಗಿಂತ ಮೊದಲು ಬೇರು ಬರುತ್ತದೆ. ಹಳೇ ಕಾಲದಲ್ಲಿ ಕಡ್ಡಿ ಕಟ್ಟುಗಳನ್ನು ತಲೆಕೆಳಗಾಗಿ ಮರಳಲ್ಲಿ ಹೂಳುತ್ತಿದ್ದದ್ದು ಇದಕ್ಕೇ. ಬಿಸಿಲಿಗೆ ಕಾಯುವ ಮೇಲ್ಪದರದ ಹತ್ತಿರ ಬುಡ ಇರಲಿ ಅಂತ. ನಾನು ಚೀಲಗಳನ್ನು ಬಿಸಿಲಿಗೆ ಕಾದ ಮಾಳಿಗೆಯ ಮೇಲಿಟ್ಟು, ಮೇಲೆ ನೆರಳಿನ ಬಲೆ ಕಟ್ಟಿದೆ.

ಎಲೆ ಬಂದಾಗ ಈ ಸಲ ಫೋಟೊ ತೆಗೆಯಲಿಲ್ಲ.

ಸಂಕ್ರಾಂತಿಯ ದಿನ ಒಂದೊಂದೇ ಚೀಲ ಬಿಚ್ಚಿ ನೋಡಿದೆ. ಬರೀ ಉಸುಕಿನಲ್ಲಿ 8ಕ್ಕೆ ಬೇರು, ಆದರೆ ಉದ್ದುದ್ದ, ಮುಟ್ಟಿದರೆ ಮುರಿಯುವಂಥವು. ನಡುವೆ ಒಂದು ದಿನ ನೀರು ತಪ್ಪಿಸಿದ್ದೆ, ಆ ಪೆಟ್ಟೂ ಬಿದ್ದಿರಬಹುದು. ಉಸುಕು-ಕೋಕೋಪೀಟಿನಲ್ಲಿ 12, ಕವಲೊಡೆದ ಬಿಳಿ ಬೇರುಗಳು. ಗೊಬ್ಬರದ ಮಿಶ್ರಣದಲ್ಲಿ 7, ಉಳಿದವು ಕೊಳೆತಿದ್ದವು. 15 ಕಡ್ಡಿ ಇಟ್ಟುಕೊಂಡು ದೊಡ್ಡ ತೀರ್ಮಾನ ಮಾಡಲಾಗದು. ಮೂರಕ್ಕೂ ಒಂದೇ ಅಳತೆ ನೀರು ಹಾಕಿದ್ದು ನನ್ನ ತಪ್ಪು. ನೀರು ಹಿಡಿದಿಡುವ ಗೊಬ್ಬರದ ಚೀಲಕ್ಕೆ ಅರ್ಧ ಸಾಕಿತ್ತು. ಆದರೂ ಕೈಗೆ ಸಿಗುವುದು ಒಂದೇ ಅವಕಾಶ ಅನ್ನುವವರಿಗೆ ನಾನು ಹೇಳುವುದು ಉಸುಕು-ಕೋಕೋಪೀಟೇ. ಆದರೆ ಅದರಲ್ಲಿ ಊಟ ಇಲ್ಲ. ಬೇರು ಬಂದ ಮೇಲೆ ಮಣ್ಣು-ಗೊಬ್ಬರದ ದೊಡ್ಡ ಚೀಲಕ್ಕೆ ಬದಲಿಸಲೇಬೇಕು.

ಮರುವಾರ ಜೆಸಿಬಿ ಬಂತು. ಆಯಿ ಅಲ್ಲಿಗೆ ಹೋಗಲಿಲ್ಲ. ನಮ್ಮ ಮಾಳಿಗೆ ಹತ್ತಿ 27 ಚೀಲ ಎರಡು ಸಲ ಎಣಿಸಿ, ಯಾವುದು ಯಾರಿಗೆ ಅಂತ ಹೇಳತೊಡಗಿದಳು. ಬೇಸಿಗೆ ಕಳೆದು ಜೂನ್ ಮಳೆಗೆ ಎಲ್ಲ ಹಂಚಿದೆವು. ಇಳಕಲ್ಲಿನ ಮಾಮಾನ ಮಗ್ಗದ ಮನೆಯ ಹಿಂದೆ ಎರಡು, ಬಾದಾಮಿಯ ಗೆಳೆಯನಿಗೆ ಉಸುಕಿನ ಋಣಕ್ಕೆ ಒಂದು. ನಮ್ಮ ಅಂಗಳದ್ದು ಹಂದರದ ಮೊದಲ ತಂತಿ ಮುಟ್ಟಿದೆ. ಕಾಯಿ ಇನ್ನೂ ಬಿಟ್ಟಿಲ್ಲ.